ಸಾಲಿನಲ್ಲಿ ಬಿಟ್ಟ ಚಪ್ಪಲಿ

ಎರಡು ಚೊಂಬು ನೀರು ಹುಯ್ದು ಉಜ್ಜಿದರೂ ಗಂಡನ ಅಂಗಾಲಿನ ಮಣ್ಣು ಬಿಡಲಿಲ್ಲ. ಸುಜಾತಾ ಮೂರನೇ ಚೊಂಬಿಗೆ ಕೈ ಹಾಕಿದವಳು ಅಲ್ಲೇ ನಿಂತಳು. ಏಕನಾಥ ಬರಿಗಾಲಲ್ಲಿ ಹೊಸ್ತಿಲು ದಾಟಿದ ಮನುಷ್ಯನೇ ಅಲ್ಲ. ಬಿಸಿ ಎಣ್ಣೆಯ ಭಯಕ್ಕೆ ಹೋಟೆಲಿನ ಅಡುಗೆಕೋಣೆಯಲ್ಲೂ ಚಪ್ಪಲಿ ಬಿಡುತ್ತಿರಲಿಲ್ಲ.

"ಬಸಪ್ಪಾ, ಇವರ ಚಪ್ಪಲಿ ಎಲ್ಲಿ?"

ದೋಸೆ ಮಾಸ್ಟರ್ ಬಸಪ್ಪ ಬಾಗಿಲ ಬಳಿ ನಿಂತಿದ್ದ. ಹಿಂದಿನ ದಿನ ಮಧ್ಯಾಹ್ನ ಗ್ಯಾಸ್ ಏಜೆನ್ಸಿಯ ಎದುರಿನ ಸಾಲಿನಿಂದ ಧಣಿಯನ್ನು ಆಟೋಕ್ಕೆ ಹಾಕಿ ಆಸ್ಪತ್ರೆಗೆ ಒಯ್ದವನು ಅವನೇ. ಬಿಸಿಲಿಗೆ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ವಾಪಸು ಹೋಗಿ, ಧಣಿಯ ಸಾಮಾನು ಅನಾಥವಾಗಬಾರದೆಂದು, ಖಾಲಿ ಸಿಲಿಂಡರನ್ನು ಜೋಪಾನವಾಗಿ ಮನೆಗೆ ತಂದಿದ್ದ. ಅದೀಗ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ನಿಂತಿತ್ತು.

"ಸಿಲಿಂಡರ್ ತಂದೀನಿ ಅಕ್ಕಾ. ಚಪ್ಪಲಿ ಮಾತ್ರ ಸಾಲಿನಾಗ ಉಳದಾವು."

"ಸಿಲಿಂಡರ್ ಯಾಕೆ ತಂದದ್ದು? ಸಾಲಿನಲ್ಲಿ ಅವರ ಜಾಗ ಹೋಯಿತಲ್ಲ!"

ಹೆಣದ ಮುಂದೆ ಕೂತು ಹೆಂಡತಿ ಆಡುವ ಮಾತೇ ಇದು? ಕೂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ದಿಲ್ಲಿಯ ರೋಹಿಣಿ ಬಡಾವಣೆಯ ಕನ್ನಡದವರ ಮನೆಗಳಲ್ಲಿ ಸಾವಾಗಲಿ ಸೀಮಂತವಾಗಲಿ ಮೊದಲು ಬಂದು ಕೂರುವ ಗಿರಿಜಮ್ಮ, "ದುಃಖಕ್ಕೆ ತಲೆ ಕೆಟ್ಟಿದೆ, ಪಾಪ" ಎಂದರು.

ತಲೆ ಕೆಟ್ಟಿರಲಿಲ್ಲ. ಕೊಲ್ಲಿಯ ಯುದ್ಧಕ್ಕೆ ಮೂರನೇ ತಿಂಗಳು. ಗ್ಯಾಸಿನ ಹಡಗುಗಳು ಎಲ್ಲೋ ಸಮುದ್ರದಲ್ಲಿ ನಿಂತಿದ್ದವು. ಒಂದು ಹೋಟೆಲಿಗೆ ಹದಿನೈದು ದಿನಕ್ಕೆ ಒಂದೇ ಸಿಲಿಂಡರ್, ಸರದಿ ತಪ್ಪಿದರೆ ಹೆಸರು ಪಟ್ಟಿಯ ಬುಡಕ್ಕೆ. ಆರು ಮೇಜಿನ ಆ ಹೋಟೆಲಿನ ಒಲೆ ಆರಿ ಹತ್ತೊಂಬತ್ತು ದಿನವಾಗಿತ್ತು. ಬಸಪ್ಪನೂ ಉಳಿದ ಮೂವರು ಕೆಲಸದವರೂ ಮರುದಿನದ ಊರಿನ ರೈಲಿಗೆ ಟಿಕೆಟ್ ಮಾಡಿಸಿದ್ದರು. ಅವರು ಹೋದರೆ ಮತ್ತೆ ಬರುವವರಲ್ಲ, ಬಾಗಿಲು ಮುಚ್ಚಿದ ಹಾಗೆಯೇ. ಲಾರಿ ಬರುತ್ತದೆಂಬ ಸುದ್ದಿ ಕೇಳಿ ಏಕನಾಥ ಹಿಂದಿನ ದಿನ ಬೆಳಿಗ್ಗೆ ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿಸಿದ್ದ. "ಸಂಜೆ ರುಬ್ಬಿ ಇಡಿ. ಟಿಕೆಟ್ ಹರಿದು ಹಾಕಿ" ಎಂದು ಹೇಳಿ ಸಿಲಿಂಡರ್ ಹೊತ್ತು ಹೊರಟವನು. ಕೆಲಸದವರು ಧಣಿ ಸತ್ತ ಸಂಜೆಯೂ ಅಳುತ್ತಲೇ ರುಬ್ಬಿ ಇಟ್ಟಿದ್ದರು. ಹೇಳಿ ಹೋದ ಕೆಲಸ, ಬಿಡುವುದು ಹೇಗೆ?

ಸುಜಾತಾಳ ಅಣ್ಣ ರಾಘವ ವಸಂತ್ ಕುಂಜ್‌ನಿಂದ ಬಂದಾಗ ಗಂಟೆ ಒಂಬತ್ತು. ದೊಡ್ಡ ಸರ್ಕಾರಿ ಅಧಿಕಾರಿ. ಯುದ್ಧವಿಮಾನ, ಕ್ಷಿಪಣಿಗಳ ಖರೀದಿಯ ಕಡತಗಳು ಅವನ ಮೇಜು ದಾಟಿಯೇ ಮುಂದೆ ಹೋಗಬೇಕು. ತಂಗಿಯ ಪಕ್ಕ ಕೂತು ಕಣ್ಣೊರೆಸಿಕೊಂಡ. ಅತ್ತದ್ದು ನಿಜವೇ, ತಂಗಿಯ ಗಂಡನೆಂದರೆ ಅವನಿಗೆ ಪ್ರೀತಿ ಇತ್ತು.

"ನನಗೆ ಒಂದು ಮಾತು ಹೇಳಬಾರದಿತ್ತಾ ಸುಜಿ? ಒಂದು ಫೋನ್ ಮಾಡಿದ್ರೆ ಸಿಲಿಂಡರ್ ಮನೆಗೇ ಬರ್ತಿತ್ತು. ಈಗಲೂ ಮಾಡ್ತೇನೆ."

"ಬೇಡ ಅಣ್ಣ. ಅವರು ಸಾಲಿನಲ್ಲಿ ನಿಂತು ಸತ್ತಿದ್ದಾರೆ. ಸಾಲಿನಲ್ಲಿ ನಿಂತೇ ತಗೊಳ್ತೇನೆ."

"ಹಠ ಮಾಡುವ ಹೊತ್ತಾ ಇದು? ದೇಶ ದೇಶಗಳ ವಿಷಯ ಅಂದ್ರೆ ಹೀಗೇ. ಇವತ್ತು ಬಲ ತೋರಿಸದಿದ್ರೆ ನಾಳೆ ನಮ್ಮ ಮಾತು ಯಾರೂ ಕೇಳಲ್ಲ. ಸ್ವಲ್ಪ ದಿನ ಎಲ್ಲರಿಗೂ ತೊಂದರೆ ಇದ್ದದ್ದೇ."

"ಎಲ್ಲರಿಗೂ ಅಂದ್ರೆ ಯಾರಿಗೆ? ನಿನ್ನ ಮನೆಯ ಒಲೆ ಆರಿದೆಯಾ?"

ರಾಘವ ಕರವಸ್ತ್ರ ಮಡಿಸಿ ಜೇಬಿಗಿಟ್ಟ.

"ನಿನ್ನ ಫೈಲಿನಲ್ಲಿ ಕ್ಷಿಪಣಿಗೆ ದುಡ್ಡು ಹುಟ್ಟುತ್ತದೆ. ಅಲ್ಲಿ ನಲವತ್ತು ಜನ ನಲವತ್ತೈದು ಡಿಗ್ರಿ ಬಿಸಿಲಲ್ಲಿ ನಿಂತಿದ್ದರು ಅಣ್ಣ. ಅವರ ತಲೆ ಮೇಲೆ ಒಂದು ಶಾಮಿಯಾನ ಹಾಕಲಿಕ್ಕೆ ಹುಟ್ಟಲಿಲ್ಲವಾ?"

ಅವಳು ಮತ್ತೆ ಚೊಂಬು ಎತ್ತಿಕೊಂಡಳು. ಮಗಳು ಶ್ರಾವ್ಯಾ ಬಂದು ಅಮ್ಮನ ಕೈಯಿಂದ ಚೊಂಬು ತೆಗೆದುಕೊಂಡಳು. "ಬಸ್, ಸಾಕು ಅಮ್ಮಾ. ನಾನು ತೊಳಿತೀನಿ ಪಪ್ಪನ ಕಾಲು."

*

ಏಕನಾಥ ಪೇಪರಿನಲ್ಲಿ ಯುದ್ಧದ ಸುದ್ದಿ ಓದುತ್ತಿರಲಿಲ್ಲ. ಓದಿ ತಿಳಿಯುವುದೇನೂ ಅವನಿಗೆ ಉಳಿದಿರಲಿಲ್ಲ.

ಇಸವಿ ತೊಂಬತ್ತರಲ್ಲಿ ಅವನು ಕುವೈತಿನ ಒಂದು ಕ್ಯಾಂಟೀನಿನಲ್ಲಿ ಇಡ್ಲಿ ಬೇಯಿಸುತ್ತಿದ್ದ. ವಯಸ್ಸು ಇಪ್ಪತ್ತಾರು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಹಾಲಿನ ವ್ಯಾನು ಬರುವ ರಸ್ತೆಯಲ್ಲಿ ಇರಾಕಿನ ಟ್ಯಾಂಕು ಬಂತು. ಮಾಲೀಕ ಓಡಿಹೋದ, ಎರಡು ವರ್ಷದ ಉಳಿತಾಯ ಅಲ್ಲೇ ಮುಳುಗಿತು. ಲಾರಿ ಹತ್ತಿ ಮರುಭೂಮಿ ದಾಟಿ ಜೋರ್ಡಾನಿನ ಗಡಿಯ ಡೇರೆಗಳನ್ನು ಸೇರಿದಾಗ ಅವನ ಬಳಿ ಉಳಿದದ್ದು ಉಟ್ಟ ಬಟ್ಟೆ, ಒಂದು ಸಟ್ಟುಗ, ಕಾಲಲ್ಲಿ ಚಪ್ಪಲಿ.

ಅಲ್ಲಿ ನೀರಿಗೆ ಸಾಲು, ರೊಟ್ಟಿಗೆ ಸಾಲು, ವಿಮಾನದ ಪಟ್ಟಿಗೆ ಸಾಲು. ನಿಂತವರು ದೊಪ್ಪನೆ ಬೀಳುತ್ತಿದ್ದರು. ಮೂರನೇ ದಿನ ಯಾರೋ ಒಬ್ಬ ಮುದುಕ ತನ್ನ ಚಪ್ಪಲಿಯನ್ನು ಸಾಲಿನಲ್ಲೇ ಬಿಟ್ಟು ಲಾರಿಯ ನೆರಳಿಗೆ ಹೋಗಿ ಕೂತ. ನೋಡನೋಡುತ್ತ ಎಲ್ಲರೂ ಹಾಗೇ ಮಾಡಿದರು. ಬಿಸಿಲಲ್ಲಿ ಬರೀ ಚಪ್ಪಲಿಗಳ ಸಾಲು. ಮುಂದಿನವನ ಕೆಲಸ ಮುಗಿದರೆ ಯಾರಾದರೂ ಎದ್ದು ಹೋಗಿ ಎಲ್ಲರ ಚಪ್ಪಲಿಯನ್ನೂ ಒಂದು ಹೆಜ್ಜೆ ಮುಂದೆ ಸರಿಸಿ ಬರುವುದು.

"ಇಪ್ಪತ್ತೆರಡು ದಿನ ಸುಜಾತಾ. ಮಲಯಾಳಿ, ಪಂಜಾಬಿ, ಬಂಗಾಳಿ, ಭಾಷೆಯೇ ಗೊತ್ತಿಲ್ಲದವರು. ಒಬ್ಬನೂ ಇನ್ನೊಬ್ಬನ ಜಾಗ ಕದಿಯಲಿಲ್ಲ" ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದ. ಆಮೇಲೆ ದೋಸೆ ಮಗುಚುವಾಗಲೆಲ್ಲ ಹೇಳಿದ. ಹೋಟೆಲಿಗೆ ಬಂದ ಗಿರಾಕಿಗಳಿಗೂ ಕತೆ ಬಾಯಿಪಾಠವಾಗಿತ್ತು.

ದಿಲ್ಲಿಗೆ ಬಂದು ಒಂದು ಒಲೆಯಿಂದ ಶುರು ಮಾಡಿದ. ಆರು ಮೇಜಾಗಲು ಇಪ್ಪತ್ತು ವರ್ಷ ಬೇಕಾಯಿತು. ಯುದ್ಧ ಅವನನ್ನು ಮರೆತಿದೆ ಎಂದುಕೊಂಡಿದ್ದ.

*

ಸ್ಮಶಾನದಲ್ಲೂ ಗ್ಯಾಸಿನ ಕುಲುಮೆಗೆ ಬೀಗ. ಸೌದೆಯೇ ಆಗಬೇಕಾಯಿತು. ಶ್ರಾವ್ಯಾ ಅಪ್ಪನಿಗೆ ಬೆಂಕಿ ಕೊಟ್ಟು ಮನೆಗೆ ಬಂದು ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ಎರಡೂವರೆ. ಏಕನಾಥನ ಫೋನು ದೇವರ ಕೋಣೆಯ ಕಪಾಟಿನ ಮೇಲೆ ಹೊಡೆದುಕೊಳ್ಳತೊಡಗಿತು. ಅವಳೇ ಎತ್ತಿದಳು.

"ಅಮ್ಮಾ, ಧಾಬಾದ ಸರ್ದಾರ್‌ಜಿ. ಸಾಲಲ್ಲಿ ಪಪ್ಪನ ಹಿಂದೆ ಇದ್ರಂತೆ. ಲಾರಿ ಬಂದು ಒಂದು ಗಂಟೆ ಆಯ್ತಂತೆ." ಅವಳ ಧ್ವನಿ ಒಡೆಯಿತು. "ಪಪ್ಪಾನೇ ನಿನ್ನೆ ಸಬ್ ಕೋ ಬೋಲಾ, ಚಪ್ಪಲಿ ಬಿಟ್ಟು ಬೇವಿನ ಮರದ ಕೆಳಗೆ ಕೂತ್ಕೊಳ್ಳಿ ಅಂತ. ಎಲ್ಲರನ್ನೂ ಕೂರಿಸಿ, ಲಾಸ್ಟ್‌ನಲ್ಲಿ ಪಪ್ಪ ಕೂತ್ರು. ಅಲ್ಲೇ... ಅಮ್ಮಾ, ಪಪ್ಪನ ಚಪ್ಪಲಿ ಇನ್ನೂ ಸಾಲಲ್ಲಿದೆ. ಅವರು ಮುಂದೆ ಮುಂದೆ ಸರಿಸ್ತಾನೇ ಇದ್ದಾರೆ. ಪಪ್ಪನ ಮುಂದೆ ಇನ್ನು ಆರೇ ಜನ."

ಸುಜಾತಾ ಸೆರಗು ಬಿಗಿದು ಎದ್ದಳು.

ಗಿರಿಜಮ್ಮ ಬಾಗಿಲಿಗೆ ಅಡ್ಡ ಬಂದರು. "ಎಲ್ಲಿಗಮ್ಮ? ಸೂತಕ ಇದು. ಚಿತೆ ಆರಿಲ್ಲ ಇನ್ನೂ. ಹನ್ನೆರಡು ದಿನ ಹೊಸ್ತಿಲು ದಾಟೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ."

"ಮನೆಯ ಒಲೆ ಹಚ್ಚುವುದಿಲ್ಲ ಗಿರಿಜಮ್ಮ. ಹೋಟೆಲಿನ ಒಲೆ ಬೇರೆ. ಅದನ್ನು ಆರಿಸಿದ್ದು ದೇವರಲ್ಲ, ಯುದ್ಧ ಮಾಡುವವರು. ಅವರು ಸೂತಕ ನೋಡಿಕೊಂಡು ಬಾಂಬ್ ಹಾಕುತ್ತಾರಾ?"

"ಜನ ಏನಂತಾರೆ?"

"ಅನ್ನಲಿ. ನಾಳೆ ಅವರಿಗೂ ಇಡ್ಲಿ ಕೊಡ್ತೇನೆ. ಬಸಪ್ಪಾ, ಸಿಲಿಂಡರ್ ತಗೋ."

ಬಸಪ್ಪ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ರಾಘವ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕಾರಿನ ಕೀಲಿ ತೆಗೆದುಕೊಂಡ.

*

ಏಜೆನ್ಸಿಯ ಮುಂದಿನ ರಸ್ತೆಯಲ್ಲಿ ಮನುಷ್ಯರೇ ಇರಲಿಲ್ಲ. ಬಿಸಿಲಲ್ಲಿ ಖಾಲಿ ಸಿಲಿಂಡರುಗಳು, ಅವುಗಳ ಪಕ್ಕ ಹವಾಯಿ ಚಪ್ಪಲಿ, ಬೂಟು, ಜರಿಯ ಜೂತಿ, ಒಂದು ಜೊತೆ ಗುಲಾಬಿ ಸ್ಯಾಂಡಲ್. ಜನರೆಲ್ಲ ಬೇವಿನ ನೆರಳಲ್ಲಿ ಬರಿಗಾಲಲ್ಲಿ ಕೂತಿದ್ದರು. ಸಾಲಿನ ತಲೆಯಲ್ಲಿ, ಕಿಟಕಿಯ ನೇರಕ್ಕೆ, ಹಿಮ್ಮಡಿ ಸವೆದ ಕಂದು ಚಪ್ಪಲಿಗಳು. ಎಡಗಾಲಿನದಕ್ಕೆ ಸುಜಾತಾಳೇ ಹೊಲಿಸಿಕೊಟ್ಟ ಬಿಳಿ ದಾರದ ಹೊಲಿಗೆ.

ಸರ್ದಾರ್‌ಜಿ ಎದ್ದು ಬಂದು ಕೈ ಮುಗಿದ.

ಬಸಪ್ಪ ಸಿಲಿಂಡರನ್ನು ಚಪ್ಪಲಿಯ ಪಕ್ಕಕ್ಕೆ ಉರುಳಿಸಿ ತಂದು ನಿಲ್ಲಿಸಿದ. ಕಿಟಕಿಯ ಹಿಂದಿನವನು ಸುಜಾತಾ ಕೊಟ್ಟ ಗ್ಯಾಸ್ ಪುಸ್ತಕ ತಿರುವಿ ನೋಡಿ ಹಿಂದಕ್ಕೆ ತಳ್ಳಿದ. "ಏಕನಾಥ್‌ಜಿ ಕೋ ಖುದ್ ಆನಾ ಪಡೇಗಾ. ಫೋನ್ ಮೇ ಓಟಿಪಿ ಜಾತಾ ಹೈ. ಕಹಾಂ ಹೈಂ ವೋ?"

ಸುಜಾತಾಳ ಹಿಂದಿ ಮೂವತ್ತು ವರ್ಷವಾದರೂ ತರಕಾರಿಯಷ್ಟಕ್ಕೇ. ಏಕನಾಥನೇ ಬರಬೇಕು, ಎಲ್ಲಿದ್ದಾನೆ ಎಂದು ಕೇಳಿದ್ದು ತಿಳಿಯಲು ಅಷ್ಟು ಸಾಕಾಯಿತು. ಅವಳು ನೆಲದತ್ತ ಕೈ ತೋರಿಸಿದಳು.

"ಯಹೀಂ ಹೈಂ. ಕಲ್ ಸೇ ಖಡೇ ಹೈಂ."

ನಿನ್ನೆಯಿಂದ ಇಲ್ಲೇ ನಿಂತವರು ಎಲ್ಲಿ ಎಂದು ಅವನು ಬಗ್ಗಿ ನೋಡಿದ. ಅರ್ಥವಾಗಲಿಲ್ಲ, ಅಥವಾ ಆಯಿತು. "ಮೇಡಂ, ನಿಯಮ್..." ಎಂದ.

ಬೇವಿನ ಮರದ ಕೆಳಗಿನಿಂದ ಸರ್ದಾರ್‌ಜಿ ಮೊದಲು ಬಂದು ತನ್ನ ಜೂತಿಯಲ್ಲಿ ಕಾಲಿಟ್ಟು ನಿಂತ. ಅವನ ಹಿಂದೆ ಮೊಮೊ ಮಾರುವ ಹೆಂಗಸು ಗುಲಾಬಿ ಸ್ಯಾಂಡಲ್ ಮೆಟ್ಟಿ ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ನೆರಳು ಬಿಟ್ಟು ಬಿಸಿಲಿಗೆ ಬಂದು ನಿಂತರು. ಯಾರೂ ಕೂಗಲಿಲ್ಲ. ರಾಘವ ಕಾರಿನಿಂದ ಛತ್ರಿ ತಂದು ತಂಗಿಯ ತಲೆಗೆ ಹಿಡಿದ.

"ನನಗೆ ಬೇಡ ಅಣ್ಣ. ಹಿಂದಿನವರಿಗೆ ಹಿಡಿ."

ಅಧಿಕಾರಿ ಛತ್ರಿ ಹಿಡಿದು ಮೊಮೊ ಹೆಂಗಸಿನ ಪಕ್ಕ ಹೋಗಿ ನಿಂತ.

ಕಿಟಕಿಯವನು ಸಾಲನ್ನು ನೋಡಿದ, ಸುಜಾತಾಳ ಒದ್ದೆ ಕೂದಲು ನೋಡಿದ, ಕಂಪ್ಯೂಟರಿನ ಗುಂಡಿ ಒತ್ತಿದ. ಅವಳ ಕೈಯಲ್ಲಿದ್ದ ಗಂಡನ ಫೋನು ಟಿಣ್ ಎಂದಿತು. "ನಂಬರ್ ಬೋಲಿಯೇ" ಎಂದ, ತಲೆ ಎತ್ತದೆ.

ಸುಜಾತಾ ಮೊದಲು ಏಕನಾಥನ ಚಪ್ಪಲಿಯಲ್ಲಿ ತನ್ನ ಕಾಲು ತೂರಿಸಿದಳು. ಎರಡು ಬೆರಳಷ್ಟು ದೊಡ್ಡದು. ಎರಡು ದಿನದ ಬಿಸಿಲಿಗೆ ದೋಸೆ ಕಾವಲಿಯ ಹಾಗೆ ಕಾದಿತ್ತು. ಅಂಗಾಲು ಸುಟ್ಟರೂ ಅವಳು ಕಾಲೆತ್ತಲಿಲ್ಲ. ಆಮೇಲೆ ನಾಲ್ಕು ಅಂಕೆಗಳನ್ನು ಒಂದೊಂದಾಗಿ, ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಓದಿದಳು.