ಉಜ್ಜಿ ಹಾಕಿದ ಪ್ಲಗ್ಗು

ಹರಿಹರದ ಮೆಕ್ಯಾನಿಕ್ ಮಸ್ತಾನಸಾಬ್ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದ: "ಸಾವ್ಕಾರ್ರೆ, ಪ್ಲಗ್ ಸವದಾವೆ. ನಾಲ್ಕೂ ಬದಲಿಸ್ರಿ."

ದಾವಣಗೆರೆಯಿಂದ ಮಂಡಕ್ಕಿ ಚೀಲ ಹೇರಿಕೊಂಡು ಬರುತ್ತಿದ್ದ ಗೋಣೆಪ್ಪ ತನ್ನ ಪೆಟ್ರೋಲ್ ಪಿಕಪ್ಪಿಗೆ ಒರಗಿ ನಗುತ್ತಿದ್ದ. "ನಿಮ್ಮ ಕೈ ಬಿದ್ರೆ ಸಾಕು ಸಾಬ್ರೆ, ಹೊಸವೇ ಆಗ್ತಾವೆ. ಉಜ್ಜಿ ಹಾಕ್ರಿ."

ಮಸ್ತಾನಸಾಬ್ ಮಸಿ ಕೆರೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ತುದಿಯ ಸಂದು ಸರಿಮಾಡಿ ಹಾಕುತ್ತಿದ್ದ. ಗಾಡಿ ಗುರ್ರೆಂದು ಹೊರಡುತ್ತಿತ್ತು. ಹಾಳಾದ ಆ ಕೈಗುಣವೇ ಅವನ ಮಾತನ್ನು ಸುಳ್ಳು ಮಾಡುತ್ತಿತ್ತು.

ಕೊನೆಗೊಂದು ದಿನ ತುಂಬಿದ ಗಾಡಿ ದಾರಿಯಲ್ಲಿ ಬಾತಿ ಊರಿನ ಹತ್ತಿರ ಕೆಟ್ಟು ನಿಂತಿತು. ಅಲ್ಲೇ ಸಮೀಪದ ಕರೂರಿನ ಹೊಸ ಗ್ಯಾರೇಜಿನವನು ಬಂದು, ಯಾರನ್ನೂ ಕೇಳದೆ ನಾಲ್ಕೂ ಪ್ಲಗ್ ಬದಲಿಸಿದ.

ಮರುದಿನ ಗೋಣೆಪ್ಪ ಮಸ್ತಾನಸಾಬನ ಮುಂದೆ ಗಾಡಿ ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. "ಮೆಕ್ಯಾನಿಕ್ ಅಂದ್ರೆ ಅವನು ನೋಡು. ಪ್ಲಗ್ ಹೋಗ್ಯಾವೆ ಅಂತ ಕೂಡ್ಲೆ ಕಂಡುಹಿಡ್ದ. ನೀನು ಎರಡು ವರ್ಷ ಉಜ್ಜಿದ್ದೇ ಉಜ್ಜಿದ್ದು," ಎಂದ, ಬಹುವಚನವನ್ನೂ ಬಿಟ್ಟು.

ಮಸ್ತಾನಸಾಬ್ ಬಾಯಿ ತೆರೆಯುವ ಮೊದಲೇ ಗೋಣೆಪ್ಪ, ಕಾಗದದಲ್ಲಿ ಸುತ್ತಿದ್ದ ಹಳೆಯ ನಾಲ್ಕು ಪ್ಲಗ್ಗುಗಳನ್ನು ಅವನ ಅಂಗೈಗೆ ಹಾಕಿದ.

"ಇಟ್ಕೊ. ಯಾರದಾದ್ರೂ ಗಾಡಿಗೆ ಉಜ್ಜಿ ಹಾಕು."