ಎಲ್ಲ ಕರೆಯೂ ಸಾಹೇಬರ ಮೇಜಿಗೆ

“ಹರಟೆ ಹೊಡಿಯೋಕೆ ಫೋನ್ ಹಾಕ್ಸಿದೀನೇನೋ ಈ ಬೋಳಿಮಕ್ಳಿಗೆ?” ಬಣ್ಣದ ತೊಟ್ಟಿಗಳ ನಡುವೆ ನಿಂತು ಮ್ಯಾನೇಜರು ಅರಚಿದ. “ಈ ಶೆಡ್ಡಿಂದ ಯಾವ ನಂಬರ್ ಒತ್ತಿದ್ರೂ ಮೊದ್ಲು ನನ್ ಮೇಜಿಗೆ ಬರ್ಬೇಕು. ನಾನು ಹೂಂ ಅಂದ್ರೆ ಮಾತ್ರ ಹೊರಗೆ. ತಿಳೀತಾ?”

ಬೈಸಿಕೊಂಡವನು ಫೋನು ನೋಡಿಕೊಳ್ಳುವ ಮೈದುನ. ಅವನೂ ನಮ್ಮಂತೆ ಗುತ್ತಿಗೆಯವನೇ. ಅವನ ಅಣ್ಣ, ಅತ್ತಿಗೆ ನಮ್ಮ ಜೊತೆ ಬಟ್ಟೆಗೆ ಬಣ್ಣ ಹಾಕುತ್ತಿದ್ದುದರಿಂದ ಇಡೀ ಶೆಡ್ಡಿಗೆ ಅವಳು ಅತ್ತಿಗೆ, ಇವನು ಮೈದುನ. ನಮ್ಮ ಮೊಬೈಲುಗಳನ್ನು ಗೇಟಿನಲ್ಲೇ ಕಸಿದುಕೊಳ್ಳುತ್ತಿದ್ದರು. ಒಳಗೆ ಗತಿಯೆಂದರೆ ಗೋಡೆಯ ಫೋನು ಒಂದೇ. ಕಾರ್ಖಾನೆಯ ಫೋನುಗಳೆಲ್ಲ ಇಂಟರ್ನೆಟ್ಟಿನವು. ಯಾರು ಯಾರಿಗೆ ಮಾಡಿದರೂ ಕರೆ ಮೆಟ್ಟಿಲ ಕೆಳಗಿನ ಸರ್ವರ್ ಪೆಟ್ಟಿಗೆಗೆ ಹೋಗಿ, ಅದು ತೋರಿಸಿದ ದಾರಿ ಹಿಡಿಯಬೇಕು. ಆ ದಾರಿ ತಿರುಗಿಸುವುದು ಮೈದುನನ ಕೆಲಸ.

“ಆಂಬುಲೆನ್ಸ್ ನಂಬರೂನಾ ಸಾರ್?”

“ಯಾವ್ದೂ ಅಂದ್ರೆ ಯಾವ್ದೂ. ಕಿವೀಲಿ ಬಣ್ಣ ತುಂಬ್ಕೊಂಡಿದ್ಯಾ?”

ಮೈದುನ ತಲೆಯಾಡಿಸಿದ. ನಾವು ಕಿಸಕ್ಕನೆ ನಕ್ಕೆವು. ಸದ್ಯ, ಬೈಗುಳ ನಮ್ಮ ಪಾಲಿಗೆ ಬರಲಿಲ್ಲವೆಂದು ನಕ್ಕಿದ್ದು. ಈಗ ನೆನೆದರೆ ನಮ್ಮ ಮುಖಕ್ಕೆ ನಾವೇ ಉಗಿದುಕೊಳ್ಳಬೇಕೆನಿಸುತ್ತದೆ.

ತೊಟ್ಟಿಯ ತಳ ತಿಕ್ಕಲು ಇಳಿದ ಅಣ್ಣ ಘಾಟಿಗೆ ಉಸಿರುಕಟ್ಟಿ ಕುಸಿದ ದಿನ, ನಾವು ಅವನನ್ನು ಮೇಲಕ್ಕೆಳೆಯುವಷ್ಟರಲ್ಲಿ ಅತ್ತಿಗೆ ಫೋನಿಗೆ ಓಡಿದ್ದಳು. ಕರೆ ಸಾಹೇಬರ ಮೇಜಿನ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಮ್ಯಾನೇಜರು ಖರೀದಿದಾರರಿಗೆ ತೋಟ ತೋರಿಸುತ್ತಿದ್ದನಂತೆ. ಕೊನೆಗೂ ಬಂದು ಎತ್ತಿದ.

“ಏನೇ ನಿನ್ ಗೋಳು?”

“ಆಂಬುಲೆನ್ಸ್ ಕಳ್ಸಿ ಸಾರ್, ನನ್ ಗಂಡ ಉಸಿರಾಡ್ತಿಲ್ಲ!”

“ಕುಡ್ದಿರ್ತಾನೆ ನನ್ಮಗ. ಮುಖಕ್ಕೆ ನೀರು ಹಾಕು. ದೊಡ್ಡವ್ರು ಬಂದಿದಾರೆ, ಮಾನ ಕಳೀಬೇಡ.”

ನೀರು ಹಾಕಿದೆವು. “ಸಾಹೇಬ್ರೇ ಹೇಳಿದಾರಲ್ಲ, ಸ್ವಲ್ಪ ನೋಡೋಣ” ಅಂದ ಬಾಯಿಯೂ ನಮ್ಮದೇ. ಬಟ್ಟೆ ಸಾಗಿಸುವ ಗಾಡಿಯಲ್ಲಿ ಅವನನ್ನು ಗೇಟಿಗೆ ತಳ್ಳಿಕೊಂಡು ಹೋಗುವಾಗ ಕಾಲು ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಮೈದುನ ಅತ್ತಿಗೆಯ ಹೊಸ್ತಿಲಾಚೆಯೇ ಕುಳಿತ. ಅವಳು ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾವು ತಟ್ಟೆ ಹಿಡಿದೆವು.

“ಯಾವ ಕೈಯಲ್ಲಿ ತಿನ್ಲಿ?” ಅಂದ.

ಸರ್ಕಾರದ ಇನ್‌ಸ್ಪೆಕ್ಟರು ವಿಚಾರಣೆಗೆ ಬಂದಾಗ ಶೆಡ್ಡಿಗೆ ಶೆಡ್ಡೇ ತಲೆ ತಗ್ಗಿಸಿ ನಿಂತಿತು.

“ಅವ್ನು ಕುಡ್ದಿದ್ನಾ? ಬಾಯಿ ಬಿಡ್ರಯ್ಯಾ.”

ಅತ್ತಿಗೆಯೊಬ್ಬಳೇ “ಕುಡ್ದಿರ್ಲಿಲ್ಲ” ಅಂದಳು. ಹೆಂಡತಿ ಮತ್ತಿನ್ನೇನು ಹೇಳುತ್ತಾಳೆ ಎಂಬಂತೆ ಇನ್‌ಸ್ಪೆಕ್ಟರು ನಮ್ಮತ್ತ ನೋಡಿದ. ಹೊಟ್ಟೆಪಾಡು ನಮ್ಮ ಬಾಯಿಗೆ ಬೀಗ ಜಡಿದಿತ್ತು.

ಆಗ ಗೋಡೆಯ ಫೋನು ಬಡಿದುಕೊಂಡಿತು. ಮೈದುನ ಹೋಗಿ ಸ್ಪೀಕರಿನ ಗುಂಡಿ ಒತ್ತಿದ.

“ಧಣೀ, ನೀವು ಹೆದರ್ಬೇಡಿ,” ಮೇಲಿನ ಕೋಣೆಯಿಂದ ಮ್ಯಾನೇಜರನ ದನಿ. “ಅವಳು ಆಂಬುಲೆನ್ಸಿಗೆ ಅಂತ ಮಾಡಿದ್ದು ನನ್ ಮೇಜಿಗೇ ಬಂತು. ನಾನು ಮುಂದಕ್ಕೆ ಬಿಡ್ಲಿಲ್ಲ. ಕುಡ್ದು ಸತ್ತ ಅಂದ್ರೆ ಮುಗೀತು. ಇನ್‌ಸ್ಪೆಕ್ಟರ್ ಏನ್ ಮಹಾ, ಕೈ ಬೆಚ್ಚಗೆ ಮಾಡಿದ್ರೆ ಬಾಲ ಅಲ್ಲಾಡಿಸ್ತಾನೆ. ಧಣೀ? ಕೇಳಿಸ್ತಿದ್ಯಾ?”

“ಕೇಳಿಸ್ತಿದೆ,” ಅಂದಳು ಅತ್ತಿಗೆ. “ಎಲ್ರಿಗೂ ಕೇಳಿಸ್ತಿದೆ.”

ಇನ್‌ಸ್ಪೆಕ್ಟರನ ಮುಖ ಕೆಂಪಗಾಯಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು ಧಡಧಡ ಇಳಿಯಿತು.

“ಯಾವನೋ ಅದು, ನನ್ ಫೋನ್ ಇಲ್ಲಿಗೆ ತಿರುಗ್ಸಿದ ಹಲ್ಕಾ?”

“ನಾನೇ,” ಅಂದ ಮೈದುನ. “ಅವತ್ತು ನೀನು ಹೇಳಿದ್ದಕ್ಕೆ ತಿರುಗ್ಸಿದ್ದೂ ನಾನೇ. ಇವತ್ತು ಬೆಳಿಗ್ಗೆ ನಿಂದನ್ನ ತಿರುಗ್ಸಿದೆ.”

ಅಣ್ಣ ಸತ್ತ ಮೇಲೆ ಅತ್ತಿಗೆ ಮೊದಲ ಸಲ ಅವನ ಮುಖ ನೋಡಿದಳು.

“ಇಷ್ಟು ಸುಲಭ ಇತ್ತೇನೋ?” ಅಂದಳು.

ಆಮೇಲೆ ಅವಳು ನಮ್ಮ ಕಡೆಗೂ ತಿರುಗಿದಳು, ಒಬ್ಬೊಬ್ಬರನ್ನೇ ನೋಡುತ್ತ ಬಂದಳು.