ಸವಳು ಹೊಲದ ಕುಣಿ

ಮೂರಡಿ ಇಳಿಯುವಷ್ಟರಲ್ಲಿ ಗುದ್ದಲಿ ಚಳ್ ಎಂದಿತು. ಕುಣಿ ತೋಡುತ್ತಿದ್ದ ಇಬ್ಬರೂ ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಂದು ಏಟು ಹಾಕಿದರೆ ಕೆಳಗಿನ ನೀಲಿಗಪ್ಪು ಕೆಸರು ಬಾಯಿ ಬಿಟ್ಟು, ಅದರೊಳಗಿಂದ ನೀರು ಸದ್ದಿಲ್ಲದೆ ಒಸರತೊಡಗಿತು. ಅದರ ಜೊತೆಗೇ ಕೊಳೆತ ವಾಸನೆಯೂ ಮೇಲೆದ್ದಿತು.

“ತೋಡ್ರಿ, ತೋಡ್ರಿ. ಮ್ಯಾಲಿನ ತೇವ ಇರಬೇಕು ಅದು,” ಎಂದ ದಂಡೆಯ ಮೇಲೆ ನಿಂತಿದ್ದ ರುದ್ರಮುನಿ.

“ಮ್ಯಾಲಿಂದಲ್ರಿ ಯಜಮಾನ್ರ, ಬುಡದಾಗಿಂದ ಬರಾಕತ್ತೈತಿ. ಹಿಂಗ ತೋಡಿದ್ರ ಬಾವಿ ಆಕ್ಕೈತಿ, ಕುಣಿ ಆಗೂದಿಲ್ಲ.”

ರುದ್ರಮುನಿಯ ಅಣ್ಣ ನಿಜಲಿಂಗಪ್ಪ ನಿನ್ನೆ ಸಂಜೆ ಚಹಾ ಕುಡಿದು ಕಟ್ಟೆಗೆ ಒರಗಿದವನು ಮತ್ತೆ ಏಳಲಿಲ್ಲ. ಈಗ ಊರೊಳಗೆ ಮನೆಯ ಮುಂದೆ, ವಿಭೂತಿ ಬಳಿಸಿಕೊಂಡು, ಹೂವಿನ ವಿಮಾನದಲ್ಲಿ ಕುಳಿತಿದ್ದಾನೆ. ಭಜನೆಯವರು ಬೆಳಗಿನಿಂದ ತಾಳ ಹಾಕುತ್ತಿದ್ದಾರೆ. ಕೂರಿಸಿ ಮಣ್ಣು ಕೊಡುವ ಮಂದಿ ಇವರು. ನೀರಲ್ಲಿ ಹೆಣ ಕೂರಿಸಿದ್ದನ್ನು ಯಾರೂ ಕಂಡಿಲ್ಲ, ಕೇಳಿಲ್ಲ.

ಜಾಗ ತೋರಿಸಿದವನು ರುದ್ರಮುನಿಯೇ. ಈ ಮೂಲೆಯಲ್ಲಿ ಅಣ್ಣ ಒಂದು ಬಿಳಿ ಪೈಪು ನೆಟ್ಟಿದ್ದ. ದಿನಾ ಸಂಜೆ ಅದರ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದ. ರಸ್ತೆಯಲ್ಲಿ ಹೋಗುತ್ತ ಬರುತ್ತ ರುದ್ರಮುನಿ ಅದನ್ನು ವರ್ಷಗಟ್ಟಲೆ ನೋಡಿದ್ದ. ತನ್ನ ಜಾಗ ತಾನೇ ಗುರುತು ಹಾಕಿಟ್ಟಿದ್ದಾನೆ ಎಂದೇ ಬೆಳಿಗ್ಗೆ ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ಅತ್ತಿಗೆ ನೀಲಗಂಗವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗಂಡನ ಮುಖ ನೋಡುತ್ತ ಕುಳಿತಿದ್ದಳು.

ಅವರ ಮನೆಯಲ್ಲಿ ಕುಣಿಯ ಅಳತೆ ಸತ್ತವನ ಪಾದದ್ದು. ಉದ್ದ ಒಂಬತ್ತು ಪಾದ, ಅಗಲ ಐದು. ಬೆಳಿಗ್ಗೆ ಜೋಳದ ದಂಟೊಂದನ್ನು ಅಣ್ಣನ ಅಂಗಾಲಿಗೆ ಹಿಡಿದು ಮುರಿದುಕೊಂಡವನೂ ರುದ್ರಮುನಿಯೇ. ಹಿಮ್ಮಡಿಯ ಬಿರುಕುಗಳಲ್ಲೆಲ್ಲ ಬೆಳ್ಳಗೆ ಏನೋ ಕೂತಿತ್ತು. ಸ್ನಾನ ಮಾಡಿಸಿದವರು ಸರಿಯಾಗಿ ತಿಕ್ಕಿಲ್ಲ ಎಂದು ಬೈದುಕೊಂಡು, ಒದ್ದೆ ಬಟ್ಟೆಯಿಂದ ತಾನೇ ಒರೆಸಿದ್ದ. ಅದು ಹೋಗಿರಲಿಲ್ಲ.

ಆ ದಂಟು ಈಗಲೂ ಅವನ ಕೈಯಲ್ಲಿತ್ತು. ಏರು ದಿಕ್ಕಿಗೆ ಹತ್ತು ಹೆಜ್ಜೆ ನಡೆದು, “ಇಲ್ಲಿ ತೋಡ್ರಿ,” ಎಂದು ಮತ್ತೆ ಅಳೆದು ಕೊಟ್ಟ.

*

ಕಾಲುವೆ ಬರುವ ಮುಂಚೆ ಈ ಎಂಟು ಎಕರೆಯೂ ಒಂದೇ ಹೊಲ. ಮೆಣಸಿನಕಾಯಿ, ಹತ್ತಿ, ಒಂದು ಪೀಕು ಜೋಳ. ಕಾಲುವೆ ಬಂದ ಮೇಲೆ ಮೇಲಿನ ನಾಲ್ಕು ಎಕರೆ ಬಂಗಾರವಾಯಿತು, ಹಳ್ಳದ ಕಡೆಯ ನಾಲ್ಕು ಎಕರೆ ಸವಳು ಹಿಡಿಯಿತು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಸುಣ್ಣ ಚೆಲ್ಲಿದ ಹಾಗೆ ಏಳುತ್ತಿತ್ತು. ಮಳೆಗಾಲದಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತಿತ್ತು. ಮೆಣಸಿನ ಸಸಿ ತುದಿ ಸುಟ್ಟುಕೊಂಡು ವಾರದಲ್ಲಿ ಸಾಯುತ್ತಿತ್ತು. ಜೇಕು, ಆಪಿನ ಹುಲ್ಲು ಬಿಟ್ಟರೆ ಏನೂ ಬೆಳೆಯದು. ನೀರಿಗೆ ಹೊರಗೆ ಹೋಗುವ ದಾರಿ ಇಲ್ಲ, ಉಪ್ಪಿಗೂ ಇಲ್ಲ.

ಹನ್ನೊಂದು ವರ್ಷದ ಹಿಂದೆ ಪಾಲಾಗುವ ದಿನ ಹಿರಿಯರು ಚೀಟಿ ಎತ್ತಿಸೋಣ ಎಂದರು. ನಿಜಲಿಂಗಪ್ಪ ಟೋಪಿ ಸರಿ ಮಾಡಿಕೊಂಡು, “ಚೀಟಿ ಬ್ಯಾಡ್ರಿ. ತಗ್ಗಿನ ಹೊಲ ನನಗಿರಲಿ,” ಎಂದ. ಕುಳಿತವರೆಲ್ಲ ಬಾಯಿ ಬಿಟ್ಟರು.

ರುದ್ರಮುನಿಗೆ ಅಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರಾದರೂ ಬೇಕೆಂದೇ ಕೆಟ್ಟ ಹೊಲ ಕೇಳುತ್ತಾರೆಯೇ? ಒಳಗೇನೋ ಹಕೀಕತ್ತು ಇರಬೇಕು. ಹೈವೇ ಅಗಲ ಮಾಡುವವರು ಇತ್ತ ಕಡೆಯೇ ಬರುತ್ತಾರಂತೆ, ಅಣ್ಣನಿಗೆ ಮೊದಲೇ ಸುಳಿವು ಸಿಕ್ಕಿರಬೇಕು ಎಂದುಕೊಂಡ. ಹೈವೇ ಇನ್ನೊಂದು ಮಗ್ಗುಲಿಗೆ ಹೋಯಿತು. ಹಾಗಾದರೆ ಊರ ಮುಂದೆ ದೊಡ್ಡವನೆನಿಸಿಕೊಳ್ಳಲು ಮಾಡಿದ್ದು, ನನ್ನನ್ನು ಆಸೆಬುರುಕ ಮಾಡಲು ಮಾಡಿದ್ದು ಎಂದುಕೊಂಡ. ಅದೂ ಪೂರಾ ಒಪ್ಪಿಗೆಯಾಗಲಿಲ್ಲ. ಹನ್ನೊಂದು ವರ್ಷ ಈ ಒಂದು ಮಾತು ಅವನ ತಲೆಯೊಳಗೆ ಗಿರಣಿಯ ಹಾಗೆ ತಿರುಗಿತ್ತು.

*

ಎರಡನೆಯ ಕುಣಿಯಲ್ಲೂ ನೀರು ಬಂತು, ಇನ್ನೊಂದು ಗೇಣು ಕೆಳಗೆ, ಅಷ್ಟೇ.

ಅಷ್ಟೊತ್ತಿಗೆ ಸುದ್ದಿ ಊರೊಳಗೆ ಹೋಗಿ ಮಂದಿ ಒಬ್ಬೊಬ್ಬರೇ ಹೊಲಕ್ಕೆ ಬರತೊಡಗಿದ್ದರು. ಬಂದವರ ಬಾಯಿಗೊಂದು ಸಲಹೆ. ಪಂಪು ಹಚ್ಚಿ ನೀರು ತೆಗೆಯಿರಿ ಎಂದ ಒಬ್ಬ. ಮರಳು ತುಂಬಿ ಮೇಲೆ ಕೂರಿಸಿರಿ ಎಂದ ಇನ್ನೊಬ್ಬ. ಮೂರನೆಯವನು ಸುಡೋದು ಛಲೋ ಅಂದುಬಿಟ್ಟು, ಎಲ್ಲರೂ ತಿರುಗಿ ನೋಡಿದ ಮೇಲೆ ಕೆಮ್ಮಿದ. ಕ್ರಿಯೆ ಮಾಡಿಸಲು ಬಂದ ಶಂಭುಲಿಂಗಯ್ಯ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಹೊತ್ತು ನೋಡಿದರು.

“ಏನರ ಮಾಡ್ರಿ, ಹೊತ್ತು ಮುಣುಗೋದ್ರಾಗ ಮಣ್ಣಾಗಬೇಕು. ಬಿಗದು ಕುಂದರಿಸೀವಿ. ಇನ್ನ ತಡ ಆದ್ರ ವಿಮಾನದಾಗ ನೆಟ್ಟಗ ಕುಂದ್ರೂದಿಲ್ಲ ಅವರು.”

“ಎಲ್ಲಿ ಮಾಡ್ಲಿರಿ ಅಯ್ಯನೋರ? ಅವ ಗುರ್ತು ಮಾಡಿದ್ದು ಇದ ಜಾಗಾ,” ಎಂದ ರುದ್ರಮುನಿ. ಬದುಕಿದ್ದಾಗ ಅಣ್ಣನ ಒಂದು ಮಾತೂ ನಡೆಸಲಿಲ್ಲ, ಇದೊಂದಾದರೂ ನಡೆಸಿಕೊಡಬೇಕು ಎಂದು ಹಟ ಹಿಡಿದಿದ್ದ. ಆ ಹಟಕ್ಕೂ ಈಗ ಕಾಲು ಕೆಳಗಿನ ನೆಲ ಆಧಾರ ಕೊಡುತ್ತಿರಲಿಲ್ಲ.

ಆಗಲೇ ಬಂದವನು ಫಕ್ಕೀರಸಾಬ, ಪಕ್ಕದ ಹೊಲದವನು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದಿದ್ದವನು ಸುದ್ದಿ ಕೇಳಿ, ಚೀಲಗಳನ್ನು ಅಡತಿ ಅಂಗಡಿಯಲ್ಲೇ ಬಿಟ್ಟು ಓಡಿ ಬಂದಿದ್ದ. ಅಂಗಿಗೆಲ್ಲ ಕೆಂಪು ಧೂಳು. ಎರಡು ಕುಣಿಗಳನ್ನೂ ನೋಡಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

“ರುದ್ರಣ್ಣ, ಇಲ್ಯಾಕ ತೋಡಿಸೀರಿ? ಯಾರು ಹೇಳಿದ್ರು?”

“ಪೈಪು ನೆಟ್ಟು ಇಟ್ಟಾನಲ್ಲಪಾ.”

“ಅದು ನೀರ ನೋಡೂ ಪೈಪು. ಬುಡದಾಗ ನೀರು ಎಷ್ಟು ಏರೈತಿ, ಎಷ್ಟು ಇಳಿದೈತಿ ಅಂತ ದಿನಾ ದಾರ ಇಳಿಬಿಟ್ಟು ನೋಡತಿದ್ದ. ನೆಲಾ ತಿಳ್ಕೊಳ್ಳಾಕ. ಸಾಯಾಕಲ್ಲ.”

ಫಕ್ಕೀರಸಾಬ ರುದ್ರಮುನಿಯ ರಟ್ಟೆ ಹಿಡಿದು ಹೊಲದ ಗುಡಿಸಲಿಗೆ ಕರೆದೊಯ್ದ. ಒಳಗೆ ಸುಣ್ಣ ಬಳಿದ ಮಣ್ಣಿನ ಗೋಡೆ. ಅದರ ತುಂಬ ಇದ್ದಲಿಯಿಂದ ಬರೆದ ಗೆರೆಗಳು, ಗೆರೆಗೊಂದು ತಾರೀಖು. ಎರಡು ಗೇಣು. ಒಂದೂವರೆ ಗೇಣು. ಬಸಿಗಾಲುವೆ ಕಡಿದೆ, ಮೂರು ಗೇಣಿಗೆ ಇಳಿಯಿತು. ನಡುನಡುವೆ, ಎಣಿಸಲಾಗದಷ್ಟು ಸಲ, ಒಂದೇ ಮಾತು: ರುದ್ರ ನೀರು ಬಿಟ್ಟ. ರುದ್ರ ನೀರು ಬಿಟ್ಟ. ಅದರ ಮುಂದಿನ ಗೆರೆಯಲ್ಲೆಲ್ಲ ನೀರು ಮೇಲೆ ಬಂದಿತ್ತು.

“ಮ್ಯಾಲ ನೀವು ಹೊಲ ತುಂಬಿಸಿ ಬಿಟ್ರ ಮೂರನೇ ದಿನಕ್ಕ ಇಲ್ಲಿ ಗೇಣುದ್ದ ಏರತೈತಿ,” ಎಂದ ಫಕ್ಕೀರಸಾಬ. “ಏರಿದ ನೀರು ಉಪ್ಪು ಹೊತ್ಕೊಂಡು ಬರತೈತಿ. ಅಣ್ಣ ಬಸಿಗಾಲುವಿ ಕಡಿಯೂದು, ನೀವು ನೀರು ಬಿಡೂದು. ಹನ್ನೊಂದು ವರ್ಷ ಇದ ಆತು.”

ರುದ್ರಮುನಿ ಗೋಡೆಗೆ ಕೈ ಊರಿದ.

*

ಅಣ್ಣ ಒಂದು ಸಲ ಬಂದು ಹೇಳಿದ್ದ. ಎಂಟು ವರ್ಷ ಆಗಿರಬೇಕು. ಹೆಗಲ ಮೇಲೆ ಒಂದು ಸಣ್ಣ ಚೀಲ ಹೊತ್ತು ಬದುವಿನ ಮೇಲೆ ನಿಂತಿದ್ದ.

“ಅಕ್ಕಿ ಐತಿ, ತಗೋ. ಕುಮಟಾ ಕಡೆ ಲಾರಿ ಜೋಡಿ ಹೋದಾಗ ಬೀಜ ತಂದಿದ್ನಿ. ಸಮುದ್ರದ ದಂಡಿ ಮ್ಯಾಲ ಉಪ್ಪಿನ ಗದ್ದಿ ಅದಾವೋ ರುದ್ರಾ, ಗಜನಿ ಅಂತಾರ. ಭರತಿ ಬಂದ್ರ ಉಪ್ಪುನೀರು ಒಳಗ ಬರತೈತಿ. ನಮ್ಮ ತಗ್ಗಿನ ಹೊಲದ್ದ ಕೆಸರು, ಅದ ವಾಸನಿ. ಅಂಥಾದ್ರಾಗ ಕಗ್ಗ ಅಂತ ಭತ್ತ ಎದಿಮಟ ಬೆಳದು ನಿಂತಿರತೈತಿ. ನಾ ಒಂದು ಮಡಿ ಹಾಕಿದ್ದೆ. ಅರ್ಧ ಸತ್ತು, ಅರ್ಧ ಉಳೀತು.”

ರುದ್ರಮುನಿ ಚೀಲ ಇಸಿದುಕೊಂಡಿದ್ದ. ಮನಸ್ಸು ತುಸು ಮೆತ್ತಗೂ ಆಗಿತ್ತು. ಅಷ್ಟರಲ್ಲಿ ಅಣ್ಣ, “ನೀರು ಸ್ವಲ್ಪ ಹಿಡಿದು ಬಿಡೋ. ನಿನ್ನ ಬೆಳಿಗೂ ಅಷ್ಟು ಬ್ಯಾಡ,” ಎಂದ.

“ನನ್ನ ಪಾಳಿ ನೀರು ನಾ ಬಿಡತೇನಿ. ಹೊಟ್ಟಿಉರಿ ಆದ್ರ ಹಂಗ ಹೇಳು. ಅಕ್ಕಿ ಯಾಕ ಹೊತ್ತು ತಂದಿ?”

ಚೀಲ ಅಂದೇ ರುದ್ರಮುನಿಯ ಮಗ ಚನ್ನೇಶನ ಕೈಯಲ್ಲಿ ತಿರುಗಿ ಹೋಯಿತು. ಅವತ್ತಿನಿಂದ ಇಬ್ಬರಲ್ಲಿ ಮಾತಿಲ್ಲ ಕತೆಯಿಲ್ಲ. ಲಗ್ನಗಳಲ್ಲಿ ಎದುರಾದರೆ ಒಬ್ಬರು ಇತ್ತ, ಒಬ್ಬರು ಅತ್ತ.

*

ಗುಡಿಸಲ ಬಾಗಿಲಲ್ಲಿ ನೀಲಗಂಗವ್ವ ಬಂದು ನಿಂತಿದ್ದಳು. ಮಗಳು ಸುರೇಖಾ ರಾಣೆಬೆನ್ನೂರಿನಿಂದ ಬೆಳಿಗ್ಗೆಯೇ ಬಂದವಳು, ತಾಯಿಯ ಭುಜ ಹಿಡಿದಿದ್ದಳು.

“ಕಾಕಾ, ಮನಿ ಮುಂದ ಎಲ್ಲಾರೂ ಕೇಳಾಕತ್ತಾರ. ಅಪ್ಪನ್ನ ಎಲ್ಲಿಗೆ ಒಯ್ಯೋದು?”

ರುದ್ರಮುನಿ ಅತ್ತಿಗೆಯ ಕಡೆ ತಿರುಗಿ, ಹನ್ನೊಂದು ವರ್ಷ ನುಂಗಿಕೊಂಡದ್ದನ್ನು ಕೇಳಿಬಿಟ್ಟ.

“ವೈನಿ, ಈ ಹೊಲ ಯಾಕ ತಗೊಂಡ ಅವ?”

ನೀಲಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾನೂ ಕೇಳಿದ್ದೆ ತಮ್ಮಾ. ಜಗಳಾನ ಮಾಡಿದ್ದೆ. ‘ರುದ್ರಗ ಸಿಟ್ಟು ಲಗೂ ಬರತೈತಿ. ಈ ಹೊಲದ ಮ್ಯಾಲ ಸಿಟ್ಟು ಮಾಡಿದ್ರ ನಡೆಯೂದಿಲ್ಲ, ಕುಂತು ನೋಡಬೇಕು ಇದನ್ನ. ಅವನ ಕೈಲಿ ಆಗೂದಿಲ್ಲ’ ಅಂದ್ರು. ಅಷ್ಟ ಅಂದಿದ್ದು.”

ಇಷ್ಟೇ ಇತ್ತು. ಹೈವೇ ಇಲ್ಲ, ಹಕೀಕತ್ತು ಇಲ್ಲ. ರುದ್ರಮುನಿಗೆ ಅಳು ಬಂದದ್ದು ಆಗ. ನಿನ್ನೆಯಿಂದ ಬಂದಿರಲಿಲ್ಲ, ಈಗ ಮಂದಿಯ ಮುಂದೆಯೇ ಬಂತು. ಗೋಡೆಯ ಕಡೆ ಮುಖ ಮಾಡಿ ಅತ್ತ. ಅತ್ತು ಮುಗಿದ ಮೇಲೆ ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡು, ಆಳುಗಳಿಗೆ ಗುದ್ದಲಿ ಎತ್ತಿಕೊಳ್ಳಲು ಹೇಳಿದ.

“ನನ್ನ ಹೊಲಕ್ಕ ನಡೀರಿ. ಮ್ಯಾಲಿನ ಬೇವಿನ ಗಿಡದ ಕಡೆ.”

“ವಿಚಾರ ಮಾಡ್ರಿ,” ಎಂದರು ಶಂಭುಲಿಂಗಯ್ಯ. “ನಿಮ್ಮ ಪೀಕಿನ ಹೊಲ ಅದು. ಒಮ್ಮಿ ಗದ್ದಿಗಿ ಆದ್ರ ಅಲ್ಲಿ ನೇಗಿಲಾ ಹೊಡ್ಯಾಂಗಿಲ್ಲ, ನೀರು ನಿಲ್ಲಸಾಂಗಿಲ್ಲ.”

“ಗೊತ್ತೈತ್ರಿ.”

ಮೂರನೆಯ ಸಲ ಜೋಳದ ದಂಟಿನಿಂದ ಅಳೆದು ಕೊಟ್ಟ. ಕಾಳು ಕಟ್ಟುತ್ತಿದ್ದ ಗೋವಿನಜೋಳದ ಎರಡು ಸಾಲು ತಾನೇ ಕಿತ್ತು ಬದಿಗೆ ಹಾಕಿದ. ಮೇಲೆರಡು ಗೇಣು ತೇವವಿತ್ತು. ಅದರ ಕೆಳಗೆ ಗರಸು ಕಲ್ಲು, ಅದರ ಕೆಳಗೆ ಒಣ ಮಣ್ಣು. ಆರಡಿ ಇಳಿದರೂ ಗುದ್ದಲಿ ಟಣ್ ಟಣ್ ಎನ್ನುತ್ತಿತ್ತು. ಪಕ್ಕದ ಗೋಡೆಯಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಗೂಡು ಕಡಿದಾಗ ಒಳಗಿಂದ ಒಂದು ಹನಿಯೂ ಬರಲಿಲ್ಲ.

ವಿಮಾನ ಬಂದಾಗ ಹೊತ್ತು ಇಳಿದಿತ್ತು. ನಿಜಲಿಂಗಪ್ಪನನ್ನು ನಾಲ್ಕು ಜನ ಇಳಿಸಿ ಗೂಡಿನಲ್ಲಿ ಕೂರಿಸಿದರು. ಎಡಗೈಯಲ್ಲಿ ಲಿಂಗ ಇಟ್ಟು, ಪತ್ರಿ ಏರಿಸಿ, ಸುತ್ತ ವಿಭೂತಿ ಗಟ್ಟಿ ಜೋಡಿಸಿದರು. ಶಂಭುಲಿಂಗಯ್ಯ ಮೇಲೆ ನೋಡಿ, “ಉಪ್ಪು ಕೊಡ್ರಿ,” ಎಂದರು. ಪದ್ಧತಿಯಂತೆ ಒಂದು ಚೀಲ ಉಪ್ಪು ತಂದಿಟ್ಟಿದ್ದರು. ಫಕ್ಕೀರಸಾಬ ಅದರ ಬಾಯಿ ಬಿಚ್ಚಿದ.

“ಬ್ಯಾಡ,” ಎಂದಳು ನೀಲಗಂಗವ್ವ.

ಎಲ್ಲರೂ ಅವಳ ಕಡೆ ನೋಡಿದರು. ಅವಳು ದನಿ ಏರಿಸಲಿಲ್ಲ.

“ಉಪ್ಪಿನ್ಯಾಗ ಬಾಳ್ವಿ ಮಾಡ್ಯಾರ ಅವರು. ಇನ್ನ ಸಾಕು. ಬರೇ ಮಣ್ಣು ಹಾಕ್ರಿ.”

ಶಾಸ್ತ್ರ ಏನು ಹೇಳುತ್ತದೋ ಶಂಭುಲಿಂಗಯ್ಯನವರಿಗೂ ಹೊಳೆದ ಹಾಗೆ ಕಾಣಲಿಲ್ಲ. ಆಮೇಲೆ ತಲೆಯಾಡಿಸಿ, ಮೊದಲ ಹಿಡಿ ಮಣ್ಣು ರುದ್ರಮುನಿಯಿಂದ ಹಾಕಿಸಿದರು. ಸುರೇಖಾ ಎರಡನೆಯದು ಹಾಕಿದಳು. ಉಪ್ಪಿನ ಚೀಲವನ್ನು ಫಕ್ಕೀರಸಾಬ ಮತ್ತೆ ಬಿಗಿದು ಕಟ್ಟಿದ.

ಮಂದಿ ಕಾಲು ತೊಳೆದುಕೊಂಡು ಊರ ಕಡೆ ಹೊರಟರು. ರುದ್ರಮುನಿ ಇಳಿಜಾರು ಇಳಿದು ತಗ್ಗಿನ ಹೊಲಕ್ಕೆ ಬಂದ. ಸುಮ್ಮನೆ ತೋಡಿದ ಎರಡು ಕುಣಿ ಮುಚ್ಚಬೇಕಿತ್ತು, ತೆರೆದ ಕುಣಿ ಬಿಡಬಾರದು. ಮಗ ಚನ್ನೇಶ ಸಲಿಕೆ ಹಿಡಿದು ಹಿಂದೆಯೇ ಬಂದ. ಇಬ್ಬರೂ ಮಣ್ಣು ಎಳೆದರು. ಕೆಸರು ನೀರಿನೊಳಗೆ ಬೀಳುವ ಸದ್ದು ನಿಂತ ಮೇಲೆ ಚನ್ನೇಶ ಹೇಳಿದ.

“ಅಪ್ಪಾ, ಇವತ್ತ ನಮ್ಮ ಪಾಳಿ. ಗೋವಿನಜೋಳಕ್ಕ ಇದ ಕಡೀ ನೀರು. ಬಿಡೂದೋ ಬ್ಯಾಡೋ? ಬಿಡದಿದ್ರ ಕಾಳು ಜೊಳ್ಳಾಕ್ಕಾವು.”

ರುದ್ರಮುನಿ ಮೇಲಿನ ಬೇವಿನ ಗಿಡ ನೋಡಿದ. ಅದರ ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಹೊಲ ತುಂಬಿಸಿದರೆ ನೀರು ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ಲಿಂದ ಇಲ್ಲಿಗೆ.

“ದೊಡ್ಡಪ್ಪ ತೊಯ್ತಾನ,” ಎಂದ. “ತೂಬಿಗೆ ಮಣ್ಣು ಹಾಕಿ ಬಾ.”

ಚನ್ನೇಶ ಸಲಿಕೆ ಹೆಗಲಿಗೇರಿಸಿ ಹೋದ. ಪೈಪಿಗೆ ಸುತ್ತಿದ್ದ ದಾರವನ್ನು ರುದ್ರಮುನಿ ಬಿಚ್ಚಿದ. ತುದಿಗೆ ಸಣ್ಣ ಕಲ್ಲು ಕಟ್ಟಿತ್ತು. ಹೇಗೆ ಇಳಿಬಿಡುತ್ತಿದ್ದನೋ, ಎಲ್ಲಿ ಹಿಡಿಯುತ್ತಿದ್ದನೋ ಗೊತ್ತಿರಲಿಲ್ಲ. ಮೊದಲ ಸಲ ಕಲ್ಲು ನಡುವೆ ಸಿಕ್ಕಿಕೊಂಡಿತು. ಎರಡನೆಯ ಸಲ ಬುಡದಲ್ಲಿ ಬುಳಕ್ ಎಂದಿತು. ಮೇಲೆಳೆದು, ಒಣಗಿದ್ದಷ್ಟು ದಾರವನ್ನು ಆ ಜೋಳದ ದಂಟಿನಿಂದ ಅಳೆದ. ಮೂರು ಸಲ ಹಿಡಿಯಿತು.

ಗುಡಿಸಲ ಗೋಡೆಯ ಮೇಲೆ ಕೊನೆಯ ಗೆರೆ ನಿನ್ನೆಯದು. ಕೆಳಗೆ ಜಾಗವಿತ್ತು. ಇದ್ದಲಿ ತುಂಡು ಗೋಡೆಯ ಗೂಡಿನಲ್ಲೇ ಸಿಕ್ಕಿತು. ಅಣ್ಣನ ಲೆಕ್ಕ ಗೇಣಿನದು, ತನ್ನದು ಪಾದದ್ದು; ಮೂರು ಅಂದರೆ ಏರಿದ್ದೋ ಇಳಿದದ್ದೋ ಅವನಿಗೆ ತಿಳಿಯಲಿಲ್ಲ. ಕೇಳೋಣ ಎಂದರೆ ಕೇಳಬೇಕಾದವನು ಇಲ್ಲ. ಕಡೆಗೆ ಒಂದು ಗೆರೆ ಎಳೆದು ಬರೆದ. ಅಣ್ಣನ ಸಣ್ಣ ಅಕ್ಷರಗಳ ಕೆಳಗೆ ಅವನವು ದಪ್ಪಗೆ, ಸೊಟ್ಟಗೆ ಬಿದ್ದವು: ಮೂರು ಪಾದ. ರುದ್ರ ನೀರು ಬಿಟ್ಟಿಲ್ಲ.